ಕಲ್ಯಾಣದ ದಾರಿಯಲ್ಲಿ ಕತ್ತಿ ಹಿಡಿದವರು

ರಾಜಕೀಯದ ಹೆಸರಿನಲ್ಲಿ ನಡೆಯುವ ಕೊಲೆಗಳಲ್ಲಿ ಯಾರ ಪಾಲು ಎಷ್ಟು? ಎಡಪಂಥದವರದು ಹೆಚ್ಚೋ ಬಲಪಂಥದವರದು ಹೆಚ್ಚೋ? ಧರ್ಮದ ಹೆಸರು ಹೇಳಿ ಕೊಂದವರು ಕ್ರೂರಿಗಳೋ, ದೇಶದ ಹೆಸರು ಹೇಳಿ ಕೊಂದವರೋ? ಈ ವಾದ ಯಾವ ದೇಶವನ್ನೂ ಬಿಟ್ಟಿಲ್ಲ. ಅಮೆರಿಕದವರಂತೂ ಇದನ್ನು ನೂರಾರು ವರ್ಷಗಳಿಂದ ನಡೆಸುತ್ತ ಬಂದಿದ್ದಾರೆ. ಅಲ್ಲಿ 1859ರಲ್ಲಿ ಗುಲಾಮಗಿರಿಯನ್ನು ಕೊನೆಗಾಣಿಸಲೆಂದು ಜಾನ್ ಬ್ರೌನ್ ಸರ್ಕಾರಿ ಶಸ್ತ್ರಾಗಾರದ ಮೇಲೆ ದಾಳಿ ಮಾಡಿ ಗಲ್ಲಿಗೇರಿದ. ಅಂತರ್ಯುದ್ಧ ಮುಗಿದ ಮೇಲೆ ಕು ಕ್ಲುಕ್ಸ್ ಕ್ಲಾನ್ ಕಪ್ಪು ಜನರನ್ನು ಮತಗಟ್ಟೆಯಿಂದ ದೂರವಿಡಲು ಊರೂರಲ್ಲಿ ಕೊಲೆಗಳನ್ನು ನಡೆಸಿತು. 1901ರಲ್ಲಿ ಅಧ್ಯಕ್ಷ ಮೆಕಿನ್ಲಿಗೆ ಗುಂಡಿಟ್ಟವನು ಅರಾಜಕತಾವಾದಿ. 1995ರಲ್ಲಿ ಓಕ್ಲಹೋಮಾ ನಗರದಲ್ಲಿ ಬಾಂಬಿಟ್ಟು 168 ಜನರನ್ನು ಬಲಿ ತೆಗೆದುಕೊಂಡವನು ಸರ್ಕಾರವನ್ನೇ ದ್ವೇಷಿಸುವ ಬಲಪಂಥೀಯ. ಒಂದು ಪಕ್ಷದವರು ಒಂದು ಪಟ್ಟಿ ಓದಿದರೆ ಇನ್ನೊಂದು ಪಕ್ಷದವರು ಇನ್ನೊಂದನ್ನು ಓದುತ್ತಾರೆ. ಎರಡು ಪಟ್ಟಿಗಳನ್ನೂ ಒಟ್ಟಿಗೆ ಇಟ್ಟುಕೊಂಡು ಓದುವವರು ಕಡಿಮೆ.

ಈ ಬಗೆಯ ಓದಿಗೆ ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದುಗಳ ಸುತ್ತಮುತ್ತ, ಸೋಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಎಡಬಲಗಳಲ್ಲಿ, ಒಂದೇ ದಶಕದ ಅವಧಿಯಲ್ಲಿ ಹಲವು ಬಣ್ಣಗಳ ರಾಜಕೀಯ ಹಿಂಸೆ ನಡೆದುಹೋಯಿತು. ಸರ್ಕಾರದ ಬೆಂಬಲವಿದ್ದ ಖಾಸಗಿ ಪಡೆ, ಗಡಿಯಾಚೆಯಿಂದ ಬಂದ ಸ್ವಾತಂತ್ರ್ಯ ಹೋರಾಟಗಾರರು, ಧಾರ್ಮಿಕ ಸುಧಾರಣೆಯ ಸಂಘಟನೆಯವರು, ಪಕ್ಕದ ಜಿಲ್ಲೆಗಳ ಕಮ್ಯುನಿಸ್ಟರು, ಕೊನೆಗೆ ಹೆಸರಿಲ್ಲದ ಗುಂಪುಗಳು. ಇವರೆಲ್ಲರ ಕೈಯಲ್ಲೂ ಆಯುಧವಿತ್ತು, ಎಲ್ಲರಿಗೂ ಒಂದು ಕಾರಣವಿತ್ತು.

ಹಳೆಯ ಪಾಠ

ಈ ನೆಲಕ್ಕೆ ಅದು ಹೊಸತೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯರ ಸಿಂಹಾಸನವನ್ನು ವಶಪಡಿಸಿಕೊಂಡು ಕಲ್ಯಾಣದಲ್ಲಿ ಆಳಿದ ಕಳಚುರಿ ಬಿಜ್ಜಳನ ಕೊನೆ 1167-68ರ ಸುಮಾರಿನದು. ಶರಣರ ಪರಂಪರೆ ಹೇಳುವ ಪ್ರಕಾರ, ಜಾತಿಯ ಕಟ್ಟು ಮುರಿದ ಹರಳಯ್ಯ ಮತ್ತು ಮಧುವರಸರಿಗೆ ಅರಸ ಘೋರ ಶಿಕ್ಷೆ ವಿಧಿಸಿದ. ಅದಕ್ಕೆ ಪ್ರತಿಯಾಗಿ ಜಗದೇವ ಮೊದಲಾದವರು ಅರಸನನ್ನೇ ಕೊಂದರು. ಆಮೇಲೆ ಶರಣರನ್ನು ಬೆನ್ನಟ್ಟಲಾಯಿತು. ಚೆನ್ನಬಸವಣ್ಣನವರೊಡನೆ ಒಂದು ಗುಂಪು ಉಳವಿಯ ಕಾಡಿನವರೆಗೆ ಹೋಯಿತು. ಜೈನ ಪರಂಪರೆಯ ಕಥನ ಇದೇ ಸಾವನ್ನು ಬೇರೆ ರೀತಿಯಲ್ಲಿ ಹೇಳುತ್ತದೆ. ಅಲ್ಲಿ ಬಿಜ್ಜಳ ವಿಷಪ್ರಯೋಗಕ್ಕೆ ಬಲಿಯಾದವನು, ಅಪರಾಧಿ ಬಸವಣ್ಣ.

ಈ ಎರಡು ಕಥನಗಳಲ್ಲಿ ಯಾವುದು ಸರಿ ಎಂಬ ಜಗಳ ಇಲ್ಲಿ ಬೇಡ. ಗಮನಿಸಬೇಕಾದದ್ದು ಮೂರು ಅಂಶ. ಮೊದಲ ಹಿಂಸೆ ಅರಮನೆಯದು, ಅದಕ್ಕೆ ನ್ಯಾಯದ ಹೆಸರಿತ್ತು. ಎರಡನೆಯದು ಪ್ರತೀಕಾರದ್ದು, ಅದಕ್ಕೆ ಧರ್ಮದ ಹೆಸರಿತ್ತು. ಮೂರನೆಯದು ಸೇಡಿನ ಸೇಡು. ಅದಕ್ಕೆ ಗುರಿಯಾದವರಲ್ಲಿ ಕತ್ತಿಯನ್ನು ಮುಟ್ಟದವರೇ ಬಹಳ. ಎಂಟುನೂರು ವರ್ಷಗಳ ನಂತರ ಅದೇ ಸೀಮೆಯಲ್ಲಿ ಹೆಚ್ಚುಕಡಿಮೆ ಇದೇ ಅನುಕ್ರಮ ಮತ್ತೆ ನಡೆಯಿತು.

ನಿಜಾಮ ರಾಜ್ಯದ ಬಿಗಿ

ಹೈದರಾಬಾದ್ ಸಂಸ್ಥಾನ ಸುಮಾರು 82,000 ಚದರ ಮೈಲಿಯ ವಿಸ್ತಾರದ್ದು. 1941ರ ಜನಗಣತಿಯಂತೆ ಜನಸಂಖ್ಯೆ 1 ಕೋಟಿ 63 ಲಕ್ಷದಷ್ಟು. ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಹಿಂದೂಗಳು, ಆಡಳಿತದ ಮೇಲುಸ್ತರ ಮುಸ್ಲಿಂ ಗಣ್ಯರದು, ಭಾಷೆ ಉರ್ದು. ಬೀದರ್ ಜಿಲ್ಲೆಯಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಸಂತೆಯ ಭಾಷೆಗಳಾಗಿದ್ದವು. ಆಗ ಕಲ್ಯಾಣಿ ಎಂದು ಕರೆಸಿಕೊಳ್ಳುತ್ತಿದ್ದ ಇಂದಿನ ಬಸವಕಲ್ಯಾಣ ಒಬ್ಬ ನವಾಬರ ಜಹಗೀರಿನಲ್ಲಿತ್ತು.

ಇಲ್ಲಿನ ಜನ ಹುಟ್ಟಿನಿಂದ ವೈರಿಗಳಾಗಿದ್ದರೆಂದು ಯಾರೂ ತಿಳಿಯಬಾರದು. ಕಲ್ಯಾಣದ ರಾಜಾ ಬಾಗಸವಾರ ದರ್ಗಾಕ್ಕೆ ಎರಡೂ ಧರ್ಮದವರು ನಡೆದುಕೊಳ್ಳುತ್ತಿದ್ದರು. ಹುಮನಾಬಾದಿನ ಮಗ್ಗುಲಲ್ಲಿರುವ ಮಾಣಿಕನಗರವನ್ನು ನೆಲೆ ಮಾಡಿಕೊಂಡ ಮಾಣಿಕಪ್ರಭುಗಳು (1817–1865) ಎಲ್ಲ ಮತಗಳನ್ನೂ ಒಪ್ಪುವ ‘ಸಕಲಮತ’ವನ್ನು ಬೋಧಿಸಿದವರು. ಹಾಗಿದ್ದೂ ಇದೇ ಸೀಮೆ 1948ರಲ್ಲಿ ಹೊತ್ತಿ ಉರಿಯಿತು. ‘ಅಲ್ಲಿಯವರು ಮೊದಲಿಂದಲೂ ಹಾಗೇ’ ಎಂಬ ಸುಲಭದ ಮಾತು ಇಲ್ಲಿ ನಿಲ್ಲುವುದಿಲ್ಲ. ಕಾರಣವನ್ನು ಆ ಹತ್ತು ವರ್ಷಗಳ ರಾಜಕೀಯದಲ್ಲೇ ಹುಡುಕಬೇಕು.

ಮೊದಲ ಕಾರಣ, ಮಾತಿಗೆ ಜಾಗವಿಲ್ಲದ್ದು. ‘ಗಸ್ತಿ ನಿಶಾನ್ 53’ ಎಂಬ ಹುಕುಮಿನಿಂದ ಸರ್ಕಾರದ ಅಪ್ಪಣೆಯಿಲ್ಲದೆ ಸಭೆ ಸೇರುವಂತಿರಲಿಲ್ಲ. 1938ರಲ್ಲಿ ಸ್ಟೇಟ್ ಕಾಂಗ್ರೆಸ್ ಹುಟ್ಟುವ ಮೊದಲೇ ಅದನ್ನು ನಿಷೇಧಿಸಲಾಯಿತು. ಆ ನಿಷೇಧ ತೆರವಾದದ್ದು 1946ರಲ್ಲಿ. ರಾಜಕೀಯ ಸಭೆಗೆ ಬಾಗಿಲು ಮುಚ್ಚಿದಾಗ ಜನ ಧಾರ್ಮಿಕ ಸಭೆಯ ಬಾಗಿಲು ತಟ್ಟಿದರು. ಆರ್ಯಸಮಾಜ ಬೀದರ್ ಜಿಲ್ಲೆಯಲ್ಲಿ ಅಷ್ಟು ಬೇಗ ಬೇರುಬಿಟ್ಟದ್ದಕ್ಕೆ ಇದೂ ಒಂದು ಕಾರಣ. ಭಾಯಿ ಬನ್ಸಿಲಾಲ್ ಮತ್ತು ಭಾಯಿ ಶ್ಯಾಮಲಾಲ್ ಸೋದರರು ಅದರ ಮುಂದಾಳುಗಳು. 1938ರ ಜೂನ್ ತಿಂಗಳಲ್ಲಿ ಕಲ್ಯಾಣಿಯಲ್ಲಿ ಧರ್ಮಪ್ರಕಾಶ್ ಎಂಬ ಆರ್ಯಸಮಾಜಿಯ ಕೊಲೆಯಾಯಿತು. ಅದೇ ಡಿಸೆಂಬರಿನಲ್ಲಿ ಶ್ಯಾಮಲಾಲ್ ಬೀದರ್ ಸೆರೆಮನೆಯಲ್ಲಿ ಅಸುನೀಗಿದರು. ಅವರಿಗೆ ವಿಷವಿಕ್ಕಲಾಯಿತೆಂದೇ ಅವರ ಅನುಯಾಯಿಗಳು ನಂಬಿದರು. 1939ರ ಸತ್ಯಾಗ್ರಹದಲ್ಲಿ ಸಾವಿರಾರು ಮಂದಿ ಜೈಲು ಸೇರಿದರು. ರಾಜಕೀಯದ ಜಗಳ ಮತದ ಭಾಷೆಯನ್ನು ಕಲಿತದ್ದು ಹೀಗೆ. ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವೆ ಇದ್ದ ತಕರಾರು ಹಿಂದೂ-ಮುಸ್ಲಿಂ ತಕರಾರಿನ ರೂಪ ತಾಳಿತು. ಅದರ ಬೆಲೆಯನ್ನು ಮುಂದೆ ಇಬ್ಬರೂ ತೆತ್ತರು.

ರಜಾಕಾರರು ಮತ್ತು ಗೋರ್ಟಾ

1927ರಲ್ಲಿ ಸ್ಥಾಪನೆಯಾದ ಇತ್ತೆಹಾದುಲ್ ಮುಸ್ಲಿಮೀನ್ ಸಂಘಟನೆಯನ್ನು ಲಾತೂರಿನ ವಕೀಲ ಕಾಸಿಂ ರಜ್ವಿ 1946ರಲ್ಲಿ ಕೈಗೆ ತೆಗೆದುಕೊಂಡ. ಅದರ ಸ್ವಯಂಸೇವಕರೇ ರಜಾಕಾರರು. ಹೆಸರಿಗೆ ಸ್ವಯಂಸೇವಕರಾದರೂ ಕೈಯಲ್ಲಿ ಬಂದೂಕು, ಬೆನ್ನಿಗೆ ಸರ್ಕಾರದ ಪೊಲೀಸು. ಅವರ ದಬ್ಬಾಳಿಕೆಯ ಮುಖ್ಯ ಮಾರ್ಗ ವಸೂಲಿ. ಊರಿಗೆ ಇಷ್ಟು ಎಂದು ತಿಂಗಳ ಹಣ ಕಟ್ಟುತ್ತಿದ್ದರು. ಕೊಟ್ಟ ಊರು ಉಳಿಯುತ್ತಿತ್ತು. ಎದುರಾಡಿದ ಊರಿನಲ್ಲಿ ಲೂಟಿ, ಬೆಂಕಿ, ಅತ್ಯಾಚಾರ, ಕೊಲೆ.

ಬಸವಕಲ್ಯಾಣದ ಸಮೀಪದ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದದ್ದು ಈ ಕ್ರೌರ್ಯದ ಶಿಖರ. ಆ ಭಾಗದಲ್ಲಿ ಪ್ರಚಲಿತವಾಗಿರುವ ವಿವರಣೆಯಂತೆ, ಹುಲಸೂರಿನ ಕಡೆಯ ರಜಾಕಾರ ಮುಖಂಡನೊಬ್ಬನನ್ನು ಹೋರಾಟದ ಯುವಕರು ಕೊಂದಿದ್ದರು. ಅದರ ಸೇಡಿಗೆ ರಜಾಕಾರರು ಊರನ್ನು ಮುತ್ತಿ ಹಿಂದೂಗಳನ್ನು ಕೊಂದು ಮನೆಗಳನ್ನು ಸುಟ್ಟರು. ಸತ್ತವರು 200ಕ್ಕೂ ಹೆಚ್ಚು ಎಂಬುದು ಜನರ ಬಾಯಲ್ಲಿರುವ ಸಂಖ್ಯೆ. ಆಗ ಹೈದರಾಬಾದಿನಲ್ಲಿ ಭಾರತ ಸರ್ಕಾರದ ಏಜೆಂಟ್ ಜನರಲ್ ಆಗಿದ್ದ ಕೆ. ಎಂ. ಮುನ್ಷಿಯವರೂ ಈ ಹತ್ಯಾಕಾಂಡವನ್ನು ಬರೆದಿಟ್ಟಿದ್ದಾರೆ. ಕೊಂದವನು ಯಾರೆಂದು ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ, ಇಡೀ ಊರೇ ಹೊಣೆಯಾಯಿತು.

ರಜಾಕಾರರ ಕತ್ತಿಗೆ ಹಿಂದೂಗಳು ಮಾತ್ರ ಬಲಿಯಾಗಲಿಲ್ಲ. ಭಾರತದೊಡನೆ ವಿಲೀನವಾಗುವುದೇ ಸರಿ ಎಂದು ಬರೆದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ 1948ರ ಆಗಸ್ಟಿನಲ್ಲಿ ಹೈದರಾಬಾದಿನ ಬೀದಿಯಲ್ಲಿ ಕೊಲೆಯಾದರು. ಮತಾಂಧ ಪಡೆ ತನ್ನ ಮತದ ಭಿನ್ನಮತೀಯನನ್ನು ಎಲ್ಲಕ್ಕಿಂತ ಹೆಚ್ಚು ದ್ವೇಷಿಸುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಎದುರು ಪಾಳೆಯಗಳು

ಸ್ವಾಮಿ ರಾಮಾನಂದ ತೀರ್ಥರ ನೇತೃತ್ವದ ಸ್ಟೇಟ್ ಕಾಂಗ್ರೆಸ್ ಸತ್ಯಾಗ್ರಹದಿಂದಲೇ ಆರಂಭಿಸಿದ್ದು. ಆದರೆ 1947ರ ಆಗಸ್ಟಿನ ನಂತರ ನಾಯಕರು ಜೈಲಿಗೆ ಹೋದ ಮೇಲೆ ಸಂಸ್ಥಾನದ ಗಡಿಯ ಸುತ್ತ ಶಿಬಿರಗಳು ಎದ್ದವು. ಕನ್ನಡ ಸೀಮೆಯ ಮುಂಡರಗಿ, ಗಜೇಂದ್ರಗಡಗಳ ಶಿಬಿರಗಳ ಹೆಸರು ಹಳಬರಿಗೆ ಗೊತ್ತು. ಸೋಲಾಪುರದ ಗಡಿಯುದ್ದಕ್ಕೂ ಅಂಥವು ಇದ್ದವು. ಶಿಬಿರದವರು ಕರೋಡಗಿರಿ ನಾಕೆಗಳನ್ನು ಸುಟ್ಟರು, ಪೊಲೀಸ್ ಠಾಣೆಗಳ ಮೇಲೆ ಬಿದ್ದು ಬಂದೂಕು ಕಿತ್ತರು. ನಾಂದೇಡದ ಕಡೆಯ ಉಮರಿಯಲ್ಲಿ 1948ರ ಜನವರಿಯಲ್ಲಿ ಬ್ಯಾಂಕನ್ನೇ ಲೂಟಿ ಮಾಡಿ ಹೋರಾಟಕ್ಕೆ ಹಣ ತಂದರು. ಇದಕ್ಕೂ ಮುಂಚೆ, 1947ರ ಡಿಸೆಂಬರ್ 4ರಂದು, ಆರ್ಯಸಮಾಜದ ಯುವಕ ನಾರಾಯಣರಾವ್ ಪವಾರ್ ನಿಜಾಮನ ಮೋಟಾರಿನ ಮೇಲೆ ಬಾಂಬೆಸೆದಿದ್ದ. ಈ ಹೋರಾಟಗಾರರಲ್ಲಿ ಹಲವರು ಆಮೇಲೆ ಸ್ವಾತಂತ್ರ್ಯಯೋಧರೆಂದು ಗೌರವ ಪಡೆದರು, ಅದು ಸಲ್ಲತಕ್ಕದ್ದೇ. ಆದರೆ ಎಲ್ಲ ದಾಳಿಗಳೂ ಸರ್ಕಾರಿ ನಾಕೆಗಳಿಗಷ್ಟೇ ಸೀಮಿತವಾಗಿದ್ದವು ಎನ್ನಲಾಗದು. ಊರಿಗೆ ನುಗ್ಗಿದ ಬಂದೂಕಿಗೆ ರಜಾಕಾರನ ಮನೆ ಯಾವುದು, ಸುಮ್ಮನೆ ಮುಸಲ್ಮಾನನಾಗಿದ್ದವನ ಮನೆ ಯಾವುದು ಎಂಬ ವ್ಯತ್ಯಾಸ ಯಾವಾಗಲೂ ತಿಳಿಯುತ್ತಿರಲಿಲ್ಲ.

ಪೂರ್ವದಲ್ಲಿ, ತೆಲಂಗಾಣದ ಜಿಲ್ಲೆಗಳಲ್ಲಿ, ಕಮ್ಯುನಿಸ್ಟರ ಸಶಸ್ತ್ರ ಹೋರಾಟ ನಡೆದಿತ್ತು. 1946ರ ಜುಲೈ 4ರಂದು ಕಡವೆಂಡಿಯಲ್ಲಿ ದೊಡ್ಡಿ ಕೊಮರಯ್ಯ ಎಂಬ ರೈತ ಯುವಕ ದೇಶಮುಖರ ಕಡೆಯವರ ಗುಂಡಿಗೆ ಬಲಿಯಾದದ್ದು ಅದರ ಆರಂಭ. ಬಿಟ್ಟಿಚಾಕರಿಯ ವಿರುದ್ಧ ಎದ್ದ ಸಂಘಗಳು ಮೂರು ಸಾವಿರದಷ್ಟು ಹಳ್ಳಿಗಳಲ್ಲಿ ತಮ್ಮದೇ ಆಡಳಿತ ನಡೆಸಿ ಹತ್ತು ಲಕ್ಷ ಎಕರೆ ಭೂಮಿ ಹಂಚಿದವೆಂದು ಪಕ್ಷ ಹೇಳಿಕೊಂಡಿತು. ಭೂಮಾಲೀಕರ, ಅವರ ಏಜೆಂಟರ, ಮಾಹಿತಿಗಾರರೆಂದು ಶಂಕೆಗೊಳಗಾದವರ ಕೊಲೆಗಳೂ ಆ ಹೋರಾಟದ ಭಾಗವೇ. 1948ರ ನಂತರ ಭಾರತದ ಸೇನೆಯ ವಿರುದ್ಧವೂ ಮುಂದುವರಿದ ಈ ಹೋರಾಟವನ್ನು 1951ರಲ್ಲಿ ಹಿಂತೆಗೆಯುವ ಹೊತ್ತಿಗೆ ತಮ್ಮವರು ನಾಲ್ಕು ಸಾವಿರ ಮಂದಿ ಸತ್ತರೆಂದು ಕಮ್ಯುನಿಸ್ಟರ ಲೆಕ್ಕ. ಕನ್ನಡ ಜಿಲ್ಲೆಗಳಲ್ಲಿ ಈ ಚಳವಳಿ ಹರಡಲಿಲ್ಲ. ಆದರೆ ರಜಾಕಾರರನ್ನು ಸಾಕುವುದಕ್ಕೆ ನಿಜಾಮ ಸರ್ಕಾರ ಕೊಟ್ಟ ನೆಪಗಳಲ್ಲಿ ಕಮ್ಯುನಿಸ್ಟರ ಭಯವೂ ಒಂದು.

ಸೆಪ್ಟೆಂಬರ್ ಮತ್ತು ಆನಂತರ

1948ರ ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ. ಎನ್. ಚೌಧರಿಯವರ ಪಡೆ ಸೋಲಾಪುರದಿಂದ ಹೊರಟಿತು. ನಳದುರ್ಗ, ಉಮರ್ಗಾ, ರಾಜೇಶ್ವರ, ಹುಮನಾಬಾದ್, ಜಹೀರಾಬಾದ್: ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮೇಲಿನ ಈ ಊರುಗಳೇ ಸೇನೆಯ ಮೈಲುಗಲ್ಲುಗಳು. ಬಸವಕಲ್ಯಾಣಕ್ಕೆ ತಿರುಗುವ ಸಸ್ತಾಪುರ ಬಂಗ್ಲಾ ಕೂಡ ಇದೇ ದಾರಿಯಲ್ಲಿದೆ. ಐದನೆಯ ದಿನ, 17ರಂದು, ನಿಜಾಮ ಶರಣಾದ. ಗೋರ್ಟಾದಂಥ ಊರುಗಳ ಪಾಲಿಗೆ ಅದು ನಿಜವಾದ ಬಿಡುಗಡೆ. ಅದನ್ನು ಯಾರೂ ಅಲ್ಲಗಳೆಯಲಾಗದು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹಳೆಯ ಅಧಿಕಾರ ಬಿದ್ದು ಹೊಸದು ಊರುಗಳನ್ನು ಮುಟ್ಟುವ ಮೊದಲು ಸಿಕ್ಕ ದಿನಗಳಲ್ಲಿ ಗುಂಪುಗಳು ಮುಸಲ್ಮಾನರ ಮೇಲೆ ಬಿದ್ದವು. ಸುದ್ದಿ ದೆಹಲಿಗೆ ಮುಟ್ಟಿ, ಪ್ರಧಾನಿ ನೆಹರೂ ಅವರ ಅಪೇಕ್ಷೆಯಂತೆ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ ಎಂಬ ಮೂವರು 1948ರ ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಸಂಸ್ಥಾನದ 16 ಜಿಲ್ಲೆಗಳ ಪೈಕಿ 9ರಲ್ಲಿ ಸಂಚರಿಸಿದರು. ಅವರು ಕೊಟ್ಟ ವರದಿಯ ಅಂದಾಜಿನಂತೆ ಇಡೀ ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000. ಎಲ್ಲಕ್ಕಿಂತ ಹೆಚ್ಚು ಕೇಡಾದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲಬರ್ಗಾ, ಬೀದರ್ ಮತ್ತು ನಾಂದೇಡ. ಆ ನಾಲ್ಕರಲ್ಲೇ ಸಾವುಗಳು 18,000ದಷ್ಟು. ಕೆಲವು ಕಡೆ ಸೈನಿಕರೂ ಪೊಲೀಸರೂ ಲೂಟಿಯಲ್ಲಿ ಕೈಸೇರಿಸಿದರೆಂದೂ ವರದಿ ಹೇಳಿತು. ಇವು ಅಂದಾಜುಗಳು, ತಲೆಯೆಣಿಕೆಯಲ್ಲ. ಆದರೆ ಅದನ್ನು ಬರೆದವರು ರಜಾಕಾರರ ದೌರ್ಜನ್ಯವನ್ನು ಮುಚ್ಚಿಟ್ಟವರಲ್ಲ. ರಜಾಕಾರರ ತಿಂಗಳ ವಸೂಲಿಯ ವಿವರವೂ ಇದೇ ವರದಿಯಲ್ಲಿದೆ.

ಸರ್ದಾರ್ ಪಟೇಲರಿಗೆ ಈ ವರದಿ ಒಪ್ಪಿಗೆಯಾಗಲಿಲ್ಲ. ಸರ್ಕಾರ ಅದನ್ನು ಪ್ರಕಟಿಸಲಿಲ್ಲ. 1988ರಲ್ಲಿ ಒಮರ್ ಖಾಲಿದಿಯವರ ಸಂಪಾದಿತ ಗ್ರಂಥದಲ್ಲಿ ಅದರ ಭಾಗಗಳು ಬಂದವು. 2013ರಲ್ಲಿ ಎ. ಜಿ. ನೂರಾನಿಯವರ ಪುಸ್ತಕದ ಮೂಲಕ ಸಾಮಾನ್ಯ ಓದುಗರಿಗೆ ಸಿಕ್ಕಿತು. ಅರವತ್ತೈದು ವರ್ಷ ಬೀದರಿನ ಮನೆಗಳಲ್ಲಿ ಪಿಸುಮಾತಾಗಿದ್ದುದಕ್ಕೆ ಆಗ ಮುದ್ರಿತ ಅಕ್ಷರದ ಆಧಾರ ದೊರೆಯಿತು.

ಹೋಲಿಸುವುದು ಹೇಗೆ?

ಇಷ್ಟನ್ನೂ ಒಂದೇ ಪುಟದಲ್ಲಿಟ್ಟರೆ ಕೆಲವರು ಕೇಳುತ್ತಾರೆ: ಹಾಗಾದರೆ ಎಲ್ಲರೂ ಒಂದೇ ಎನ್ನುತ್ತೀರಾ? ಇಲ್ಲ. ಹೋಲಿಸುವುದು ಬೇರೆ, ಸಮ ಮಾಡುವುದು ಬೇರೆ. ಹೋಲಿಸಲು ಕೆಲವು ಪ್ರಶ್ನೆಗಳನ್ನು ಎಲ್ಲರಿಗೂ ಒಂದೇ ಬಗೆಯಲ್ಲಿ ಕೇಳಬೇಕು.

ಮೊದಲ ಪ್ರಶ್ನೆ: ಕೊಲ್ಲುವವನ ಬೆನ್ನಿಗೆ ಯಾರಿದ್ದರು? ರಜಾಕಾರನ ಬೆನ್ನಿಗೆ ಒಂದು ಸರ್ಕಾರವೇ ಇತ್ತು. ದೂರು ಕೊಡಬೇಕಾದ ಠಾಣೆಯೇ ಅವನದು. ಆ ಹಿಂಸೆ ಅಷ್ಟು ಭಾರವಾದದ್ದು ಅದಕ್ಕೇ. ಗಡಿ ಶಿಬಿರದವನಿಗೆ ಗಡಿಯಾಚೆಯ ಆಶ್ರಯವಿತ್ತು, ಆದರೆ ಸಂಸ್ಥಾನದೊಳಗೆ ಅವನೇ ಬೇಟೆ. ತೆಲಂಗಾಣದ ಹೋರಾಟಗಾರನಿಗೆ ಹಳ್ಳಿಯ ಬಡವರ ಬೆಂಬಲ ಬಿಟ್ಟರೆ ಬೇರೆ ಇರಲಿಲ್ಲ. ಸೆಪ್ಟೆಂಬರಿನ ಗುಂಪಿಗೆ ಯಾರೂ ಅಪ್ಪಣೆ ಕೊಡಲಿಲ್ಲ. ಆದರೆ ಇನ್ನು ತಮ್ಮನ್ನು ಕೇಳುವವರಿಲ್ಲ ಎಂಬ ಭರವಸೆ ಅದಕ್ಕಿತ್ತು. ಆ ದಿನಗಳಲ್ಲಿ ಅಪ್ಪಣೆಗಿಂತ ಈ ಭರವಸೆಯೇ ಹೆಚ್ಚು ಕೆಲಸ ಮಾಡಿತು.

ಎರಡನೆಯದು: ಗುರಿ ಯಾರು? ಕಮ್ಯುನಿಸ್ಟರು ವರ್ಗವನ್ನು ನೋಡಿದರು, ಶಿಬಿರದವರು ಮೊದಲು ಸರ್ಕಾರದ ಕಟ್ಟಡವನ್ನು ನೋಡಿದರು, ರಜಾಕಾರರು ಎದುರಾಳಿಯಿಂದ ಶುರುಮಾಡಿ ಸಮುದಾಯಕ್ಕೆ ಬಂದು ನಿಂತರು. ಸೆಪ್ಟೆಂಬರಿನ ಗುಂಪಿಗೆ ಹುಟ್ಟೊಂದೇ ಸಾಕಾಯಿತು. ಮನುಷ್ಯ ಮಾಡಿದ ಕೆಲಸಕ್ಕಾಗಿ ಅವನನ್ನು ಕೊಲ್ಲುವುದೂ ಕೊಲೆಯೇ. ಆದರೆ ಅವನು ಹುಟ್ಟಿದ ಮನೆಗಾಗಿ ಕೊಲ್ಲತೊಡಗಿದಾಗ ಸಾವಿನ ಸಂಖ್ಯೆಗೆ ಮಿತಿಯೇ ಇರುವುದಿಲ್ಲ. ಗೋರ್ಟಾದಲ್ಲಿ ಆದದ್ದೂ ಇದೇ, ಆಮೇಲೆ ಬೀದರಿನ ಹಳ್ಳಿಗಳಲ್ಲಿ ಆದದ್ದೂ ಇದೇ.

ಮೂರನೆಯದು: ಶಿಕ್ಷೆ ಯಾರಿಗಾಯಿತು? ಕಾಸಿಂ ರಜ್ವಿಗೆ ಜೈಲಾಯಿತು. 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೊರಟುಹೋದ. ಕಮ್ಯುನಿಸ್ಟರಲ್ಲಿ ಕೆಲವರಿಗೆ ಮರಣದಂಡನೆ ವಿಧಿಸಿ ಆಮೇಲೆ ಇಳಿಸಲಾಯಿತು. ಸೆಪ್ಟೆಂಬರಿನ ಕೊಲೆಗಳ ವಿಷಯದಲ್ಲಿ ವರದಿಯನ್ನೇ ಪೆಟ್ಟಿಗೆಯಲ್ಲಿಟ್ಟ ಮೇಲೆ ಅಷ್ಟರ ಮಟ್ಟಿನ ನ್ಯಾಯವೂ ಕಾಣಲಿಲ್ಲ. ಗೆದ್ದವರ ಕಡೆಯ ಹಿಂಸೆಗೆ ನ್ಯಾಯಾಲಯದ ದಾರಿ ಯಾವಾಗಲೂ ಉದ್ದ. ಅಮೆರಿಕದಲ್ಲಿ ಕ್ಲಾನಿನ ಕೊಲೆಗಾರರನ್ನು ಎಷ್ಟೋ ಊರುಗಳ ಪಂಚರು ಬಿಟ್ಟುಕಳಿಸಿದ್ದೂ ಇದೇ ಕಾರಣಕ್ಕೆ.

ಕೊನೆಯದು: ನೆನಪು ಯಾರದು? ಹೈದರಾಬಾದ್ ಕರ್ನಾಟಕಕ್ಕೆ 2019ರಲ್ಲಿ ಕಲ್ಯಾಣ ಕರ್ನಾಟಕ ಎಂದು ಹೆಸರಾಯಿತು. ಸೆಪ್ಟೆಂಬರ್ 17ರ ಧ್ವಜಾರೋಹಣ ಈಗ ಸರ್ಕಾರಿ ಉತ್ಸವ. ಗೋರ್ಟಾದಲ್ಲಿ 2023ರ ಮಾರ್ಚಿನಲ್ಲಿ 103 ಅಡಿ ಎತ್ತರದ ಧ್ವಜಸ್ತಂಭವೂ ಸ್ಮಾರಕವೂ ಉದ್ಘಾಟನೆಯಾದವು. ಅಲ್ಲಿ ಸತ್ತವರಿಗೆ ಸ್ಮಾರಕ ಬೇಕಾಗಿತ್ತು, ಬಹಳ ತಡವಾಗಿಯೇ ಬಂತು. ಆದರೆ ಅದೇ ವರ್ಷ, ಅದೇ ಜಿಲ್ಲೆಯಲ್ಲಿ, ನಾಲ್ಕು ತಿಂಗಳ ತರುವಾಯ ಸತ್ತವರಿಗೆ ಒಂದು ಕಲ್ಲೂ ಇಲ್ಲ. ಒಂದು ಮನೆಯವರು ಹಬ್ಬ ಮಾಡುವ ದಿನ ಪಕ್ಕದ ಮನೆಯವರು ಬಾಗಿಲು ಮುಂದೆ ಮಾಡಿಕೊಂಡು ಕೂರುವುದಾದರೆ ಆ ಊರಿನ ಇತಿಹಾಸ ಇನ್ನೂ ಮುಗಿದಿಲ್ಲವೆಂದೇ ಅರ್ಥ.

ಅರ್ಧ ಲೆಕ್ಕದ ಅಪಾಯವೇನೆಂದರೆ ಅದು ಮುಂದಿನ ಸೇಡಿಗೆ ಬಂಡವಾಳವಾಗುತ್ತದೆ. ಗೋರ್ಟಾವನ್ನು ಮಾತ್ರ ಹೇಳುವವನು ಸೆಪ್ಟೆಂಬರನ್ನು ಸಮರ್ಥಿಸುತ್ತಾನೆ. ಸೆಪ್ಟೆಂಬರನ್ನು ಮಾತ್ರ ಹೇಳುವವನು ರಜಾಕಾರರನ್ನು ಮರೆಸುತ್ತಾನೆ. ಎರಡನ್ನೂ ಹೇಳಿದರೆ ಯಾರ ಅಪರಾಧವೂ ಕಡಿಮೆಯಾಗುವುದಿಲ್ಲ, ಯಾರ ಸಾವೂ ಹಗುರಾಗುವುದಿಲ್ಲ. ‘ಅವರು ಮಾಡಿದ್ದಕ್ಕೆ ನಾವು ಮಾಡಿದೆವು’ ಎಂಬ ಮಾತಿನ ಬಲ ಮಾತ್ರ ಕುಗ್ಗುತ್ತದೆ.

ಸುಂದರಲಾಲ್ ವರದಿಯಲ್ಲಿ ಇನ್ನೊಂದು ಸಂಗತಿಯಿದೆ, ಅದನ್ನು ಎರಡೂ ಕಡೆಯವರು ಉದಾಹರಿಸುವುದಿಲ್ಲ. ಹಿಂದೂಗಳು ಮುಸಲ್ಮಾನ ನೆರೆಯವರನ್ನು ಕಾಪಾಡಿದ ಪ್ರಸಂಗಗಳನ್ನು ಅದು ದಾಖಲಿಸುತ್ತದೆ. ಒಂದೇ ಕಸುಬಿನವರಲ್ಲಿ ಈ ಭಾವ ಹೆಚ್ಚಾಗಿತ್ತೆಂದೂ, ಹಿಂದೂ ನೇಕಾರರು ಮುಸ್ಲಿಂ ನೇಕಾರರಿಗಾಗಿ ಗುಂಪುಗಳನ್ನು ಎದುರಿಸಿ ಪ್ರಾಣವನ್ನೂ ಕಳೆದುಕೊಂಡರೆಂದೂ ಹೇಳುತ್ತದೆ. ಕಾಯಕದ ನಂಟು ಹುಟ್ಟಿನ ನಂಟಿಗಿಂತ ದೊಡ್ಡದೆಂದು ಕಲ್ಯಾಣದ ಶರಣರು ಹೇಳಿದ್ದನ್ನು ಆ ನೇಕಾರರು ಓದಿದ್ದರೋ ಇಲ್ಲವೋ, ಅದರಂತೆ ನಡೆದರು. ಅವರ ಹೆಸರುಗಳು ಯಾವ ಪಕ್ಷದ ಪಟ್ಟಿಯಲ್ಲೂ ಇಲ್ಲ. ಈ ಸೀಮೆಯಲ್ಲಿ ಮುಂದೆ ಯಾರಾದರೂ ಇನ್ನೊಂದು ಕಲ್ಲು ನಿಲ್ಲಿಸುವುದಾದರೆ ಮೊದಲು ನೆನೆಯಬೇಕಾದವರು ಅವರೇ.